ಕುಬೇರ್ ದೋಣಿಯ ಬೆವರು

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಗೊತ್ತು, ಘಾಟ್ಕೋಪರ್ ಬರುವಷ್ಟರಲ್ಲಿ ಅಂಗಿಯ ಮೇಲಿರುವುದು ನಮ್ಮೊಬ್ಬರ ಬೆವರಲ್ಲ. ಇದನ್ನು ಮನೆಯಲ್ಲಿ ಹೇಳಿ ನಗುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಮಗಳು ಕೇಳಿದಳು, "ಅಪ್ಪಾ, ಬೆವರಲ್ಲಿ ಡಿಎನ್‌ಎ ಇರತ್ತಾ?" ಇರತ್ತೆ ಎಂದುಬಿಟ್ಟೆ. ಆಮೇಲೆ ಓದಿ ನೋಡಿದರೆ ನನ್ನ ಉತ್ತರ ಅರ್ಧ ಮಾತ್ರ ಸರಿ.

ಬೆವರು ಬಹುಪಾಲು ನೀರು ಮತ್ತು ಉಪ್ಪು. ಚರ್ಮದಿಂದ ಉದುರುವ ಜೀವಕೋಶಗಳನ್ನು ಅದು ಕೊಚ್ಚಿಕೊಂಡು ಬರುತ್ತದೆ, ಡಿಎನ್‌ಎ ಸಿಗುವುದು ಮುಖ್ಯವಾಗಿ ಅವುಗಳಿಂದ. ಎಂಜಲಿನಲ್ಲಿ ಕೆನ್ನೆಯ ಒಳಪದರದ ಕೋಶಗಳಿರುತ್ತವೆ. ರಕ್ತದ್ದು ಇನ್ನೂ ವಿಚಿತ್ರ: ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ, ಸಾಕ್ಷಿ ಹೇಳುವುದು ಬಿಳಿ ಕಣ.

1984ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಕೊಂಡರು. ನಮ್ಮಲ್ಲಿ ಅದನ್ನು ಬೆಳೆಸಿದವರು ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್. ಭಾರತದ ನ್ಯಾಯಾಲಯದಲ್ಲಿ ಅದು ಮೊದಲು ಬಳಕೆಯಾದದ್ದು ಕಾಸರಗೋಡಿನ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ, ಮಗುವಿನ ತಂದೆ ಯಾರೆಂಬ ಮೊಕದ್ದಮೆಯಲ್ಲಿ. ಆಗ ಸಾಕಷ್ಟು ರಕ್ತ ಬೇಕಿತ್ತು. ಡಿಎನ್‌ಎಯ ಚೂರನ್ನು ಲಕ್ಷಾಂತರ ಪಟ್ಟು ಪ್ರತಿ ಮಾಡುವ ಪಿಸಿಆರ್ ಬಂದ ಮೇಲೆ ಬೆವರಿನ ಕಲೆಯೂ ಸಾಕಾಯಿತು. 2005ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ತಂದ ತಿದ್ದುಪಡಿಯಲ್ಲಿ, ಬಂಧಿತರ ವೈದ್ಯಕೀಯ ಪರೀಕ್ಷೆಗೆ ಒಳಪಡುವ ವಸ್ತುಗಳ ಪಟ್ಟಿಯಲ್ಲಿ ರಕ್ತ, ಕಫ, ಕೂದಲು, ಉಗುರಿನ ಜೊತೆ ಬೆವರೂ ಇತ್ತು.

ಮೂರೇ ವರ್ಷಕ್ಕೆ ಅದು ಮುಂಬಯಿಗೆ ಬೇಕಾಯಿತು. 2008ರ ನವೆಂಬರ್ 26ರ ರಾತ್ರಿ ನಾನು ಸಿಎಸ್‌ಟಿಯಿಂದ ಲೋಕಲ್ ಹಿಡಿಯಬೇಕಿದ್ದವನು. ಕ್ಲೈಂಟ್ ಕಾಲ್ ಲಂಬಿಸಿ ಆಫೀಸಿನಲ್ಲೇ ಉಳಿದೆ. ಗುಂಡು ಹಾರಿಸಿದವರು ಬಂದದ್ದು ಗುಜರಾತಿನ ಮೀನುಗಾರಿಕೆ ದೋಣಿ ಕುಬೇರ್‌ನಲ್ಲಿ. ಅದನ್ನು ಕಡಲಲ್ಲೇ ಬಿಟ್ಟು ರಬ್ಬರ್ ದೋಣಿಯಲ್ಲಿ ಕಫ್ ಪರೇಡ್ ಬಳಿ ಇಳಿದಿದ್ದರು. ಕುಬೇರ್ ಸಿಕ್ಕಾಗ ಅದರಲ್ಲಿ ತಾಂಡೇಲನ ಶವವಿತ್ತು (ನಮ್ಮ ಕರಾವಳಿಯಲ್ಲೂ ದೋಣಿಯ ನಾಯಕನಿಗೆ ತಾಂಡೇಲ ಅಂತಲೇ ಹೆಸರು). ಜೊತೆಗೆ ಅವರು ಬಿಟ್ಟುಹೋದ ಬಟ್ಟೆಬರೆ. ಅದರ ಬೆವರಿನ ಕಲೆಗಳಿಂದ ತೆಗೆದ ಡಿಎನ್‌ಎ ಕಸಬ್ ಸೇರಿ ಕೆಲವು ದಾಳಿಕೋರರದಕ್ಕೆ ಹೊಂದಿತು.

ಸಿಎಸ್‌ಟಿಯಲ್ಲಿ ಅವನನ್ನು ಕಂಡವರಿದ್ದರು, ಕ್ಯಾಮೆರಾ ಚಿತ್ರಗಳಿದ್ದವು. ಸಮುದ್ರದ ದಾರಿಯನ್ನು ಕಂಡು ಬದುಕುಳಿದ ಸಾಕ್ಷಿ ಮಾತ್ರ ಅವನೊಬ್ಬನೇ, ಅವನೋ ತಪ್ಪೊಪ್ಪಿಗೆ ಕೊಟ್ಟು ಹಿಂತೆಗೆದುಕೊಂಡ. ಕೊಂದವನ ಮಾತಿನ ಮೇಲೇ ಸತ್ತ ತಾಂಡೇಲನ ಕಥೆ ನಿಲ್ಲದಂತೆ ನೋಡಿಕೊಂಡವುಗಳಲ್ಲಿ ಆ ಕಲೆಗಳೂ ಒಂದು. 2012ರ ಆಗಸ್ಟ್ 29ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಅವುಗಳ ಪ್ರಸ್ತಾಪವಿದೆ.

ಆದರೂ ಕಸುಬಿನ ಅನುಮಾನ ನನ್ನನ್ನು ಬಿಡದು. ಲಾಗ್ ಫೈಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ತಪ್ಪು ಅವನದೇ ಎಂದು ನಮ್ಮ ಟೀಮಿನಲ್ಲಿ ಯಾರೂ ಒಪ್ಪುವುದಿಲ್ಲ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನವೊಂದು ಮುಟ್ಟಿದ ವಸ್ತುವಿನಿಂದಲೂ ಡಿಎನ್‌ಎ ಸಿಗುತ್ತದೆ, ಅದು ಕೈಯಿಂದ ಕೈಗೆ ದಾಟಲೂಬಹುದು ಎಂದು ತೋರಿಸಿತು. ನಡುಗಡಲಿನ ದೋಣಿಗೆ ಹಾಗೆ ದಾಟಿತು ಅನ್ನುವುದು ಕಷ್ಟ. ಲೋಕಲ್ ರೈಲಿನ ಕಥೆ ಬೇರೆ. ನಾನು ಕಾಲಿಡದ ಕೋಣೆಗೆ ನನ್ನ ಬೆವರು ಯಾರದೋ ಅಂಗಿ ಏರಿ ಹೋಗಬಹುದು. 2022ರ ಗುರುತು ಪತ್ತೆ ಕಾಯ್ದೆಯಡಿ ಪೊಲೀಸರು ಸಂಗ್ರಹಿಸುವ ಇಂಥ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು.

ಮಗಳಿಗೆ ತಿದ್ದುಪಡಿ ಹೇಳಿದೆ. "ಹಾಗಾದ್ರೆ ನಾಳೆಯಿಂದ ವಿಂಡೋ ಸೀಟ್ ಹಿಡಿ" ಅಂದಳು. ಡೊಂಬಿವಲಿಯಲ್ಲಿ ಹತ್ತಿದವನಿಗೆ ವಿಂಡೋ ಸೀಟು!