ಅಪ್ಪನ ಊರು ಕುದುರೆಮುಖ

ಭಾಗ 1

ಕಾಲೇಜಲ್ಲಿ ಯಾರಾದ್ರೂ "ನಿಮ್ಮೂರು ಯಾವುದು?" ಅಂತ ಕೇಳಿದ್ರೆ ನಾನು ಬಸವೇಶ್ವರನಗರ ಅಂತೀನಿ. "ಅದು ಏರಿಯಾ ಕಣೇ, ಊರಲ್ಲ" ಅಂತ ನಗ್ತಾರೆ. ಸರಿ, ಅಪ್ಪನ ಊರು ಕುದುರೆಮುಖ ಅಂದ್ರೆ ಮುಂದಿನ ಪ್ರಶ್ನೆ ರೆಡಿ: "ಅಲ್ಲಿಗೆ ಟ್ರೆಕ್ಕಿಂಗ್ ಹೋಗ್ತಾರಲ್ವಾ? ಅಲ್ಲಿ ಜನ ಇರ್ತಾರಾ?"

ಇದ್ರು. ಸಾವಿರಾರು ಜನ. ಅದನ್ನ ಹೇಳೋಕೇ ಈ ಸೀರೀಸ್. ಉದ್ದ ಇದೆ, ಬಸ್ಸಲ್ಲಿ ಕೂತು ಓದಿ.

ಸೆಮ್ ಎಕ್ಸಾಮ್ ಮುಗಿದ ವಾರ ಅಪ್ಪ, ಅಮ್ಮ, ಅಜ್ಜಿ, ತಮ್ಮ, ನಾನು ಐದೂ ಜನ ಕಾರಲ್ಲಿ ಹೊರಟ್ವಿ. ಬೆಳಗ್ಗೆ ಐದಕ್ಕೆ ತುಮಕೂರು ರೋಡ್ ಸೇರಿ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದ್ವಿ. ತಮ್ಮ ಎಂಟು ತಿಂದ. ಅಪ್ಪ ಒಂದಕ್ಕೇ ಕೈ ತೊಳೆದುಬಿಟ್ರು. 2006ರಲ್ಲಿ ಮನೆ ಸಾಮಾನು ಲಾರಿಗೆ ಹಾಕಿಸಿ ಬಂದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಹೋಗೋಣ ಅಂತ ಹಟ ಹಿಡಿದದ್ದು ಅಜ್ಜಿ.

ಭಾಗ 2

ಈ ಫೋಟೋದಲ್ಲಿ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿದೆ ನೋಡಿ. ಅದು ಪ್ರಕೃತಿ ಮಾಡಿದ್ದಲ್ಲ, ಗಣಿ.

ಇಲ್ಲಿ ಕಬ್ಬಿಣದ ಅದಿರಿದೆ ಅಂತ 1913ರಲ್ಲೇ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಆದರೆ ಅರವತ್ತು ವರ್ಷ ಅದನ್ನ ಯಾರೂ ದೊಡ್ಡದಾಗಿ ಕೈಗೆತ್ತಿಕೊಳ್ಳಲಿಲ್ಲ. ಬಳ್ಳಾರಿ ಕಡೆಯ ಅದಿರಿನಷ್ಟು ಗಟ್ಟಿ ಮಾಲಲ್ಲ ಇದು. ಹಿಟ್ಟಿನ ಹಾಗೆ ಪುಡಿ ಮಾಡಿ, ನೀರಲ್ಲಿ ತೊಳೆದು, ಕಬ್ಬಿಣದ ಅಂಶವನ್ನ ಬೇರೆ ಮಾಡಬೇಕು. ಅಷ್ಟು ಬಂಡವಾಳ ಯಾರು ಹಾಕ್ತಾರೆ?

ಹಾಕಿದ್ದು ಇರಾನಿನ ಶಾ! ನಾನು ನಂಬಲಿಲ್ಲ, ಹುಡುಕಿ ಓದಿದ ಮೇಲೇ ನಂಬಿದ್ದು. 1973ರಲ್ಲಿ ತೈಲದ ಬೆಲೆ ಏರಿದಾಗ ಇರಾನಿನ ಕೈಯಲ್ಲಿ ಹಣ ಹರಿದಾಡ್ತಿತ್ತು. ಉಕ್ಕಿನ ಕಾರ್ಖಾನೆ ಕಟ್ಟೋ ಆಸೆ ಅವರಿಗೆ, ಅದಕ್ಕೆ ಕಬ್ಬಿಣ ಬೇಕು. 1975ರಲ್ಲಿ ಒಪ್ಪಂದವಾಯ್ತು: 63 ಕೋಟಿ ಡಾಲರ್ ಸಾಲ ಅವರದ್ದು, ವರ್ಷಕ್ಕೆ 75 ಲಕ್ಷ ಟನ್ ತೊಳೆದ ಅದಿರು ನಮ್ಮದು. 1976ರ ಏಪ್ರಿಲ್ 2ಕ್ಕೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ರಸ್ತೆ ಬಂತು, ಕಾರ್ಖಾನೆ ಬಂತು, ಒಂದು ಇಡೀ ಊರು ಬಂತು. ಘಟ್ಟ ಇಳಿಸೋಕೆ ಲಾರಿ ಅಲ್ಲ, ಪೈಪು. ಅದಿರಿನ ಪುಡಿಯನ್ನ ನೀರಿನ ಜೊತೆ ಕಲಸಿ 67 ಕಿಲೋಮೀಟರ್ ದೂರದ ಮಂಗಳೂರಿಗೆ ಹರಿಸೋದು. ತೊಳೆದು ಉಳಿದ ಕೆಸರು ನಿಲ್ಲೋಕೆ ಲಕ್ಯಾ ಹೊಳೆಗೆ ಅಡ್ಡವಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು.

1979ರ ಜನವರಿಯಲ್ಲಿ ಶಾ ದೇಶ ಬಿಟ್ಟು ಓಡಿದರು. ಇರಾನಿನಲ್ಲಿ ಕ್ರಾಂತಿ. ಸಾಲ ಪೂರ್ತಿ ಬರಲೇ ಇಲ್ಲ, ಉಳಿದ ಹಣ ನಮ್ಮ ಸರ್ಕಾರದ್ದೇ. 1980ಕ್ಕೆ ಕಾರ್ಖಾನೆ ತಯಾರಾದಾಗ ಅದನ್ನ ಯಾರಿಗೋಸ್ಕರ ಕಟ್ಟಿದ್ದೋ ಅವರೇ ಇಲ್ಲ. "ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಗಿರಾಕಿ ಊರು ಬಿಟ್ಟಿದ್ದ" ಅಂತ ತಾತ ಹೇಳ್ತಿದ್ರಂತೆ. ಬೇರೆ ದೇಶದ ಗಿರಾಕಿಗಳನ್ನ ಹುಡುಕಿದ್ರು. ಆಮೇಲೆ ಅದೇ ಪುಡಿಯಿಂದ ಉಂಡೆ ಮಾಡೋ ಕಾರ್ಖಾನೆ ಮಂಗಳೂರಲ್ಲಿ ಎದ್ದಿತು. ಊರು ಉಳೀತು.

ಭಾಗ 3

ತಾತ ತಿಪಟೂರು ಕಡೆಯವರು. 1979ರಲ್ಲಿ ಫಿಟ್ಟರ್ ಆಗಿ ಸೇರಿದಾಗ ಅಪ್ಪನಿಗೆ ನಾಲ್ಕು ವರ್ಷ. ತೆಂಗಿನ ತೋಟದ ಸೀಮೆಯಿಂದ ಬಂದ ಅಜ್ಜಿಗೆ ಆ ಮಳೆ ನೋಡಿಯೇ ಜ್ವರ ಬಂದಿತ್ತಂತೆ. ಅಲ್ಲಿನ ಮಳೆ ಬೆಂಗಳೂರಿನ ಒಂದು ವರ್ಷದ ಮಳೆಯ ಆರೇಳು ಪಟ್ಟು. ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗೋದೇ ಇಲ್ಲ. ಬಿದಿರಿನ ಬುಟ್ಟಿ ಬೋರಲು ಹಾಕಿ, ಒಳಗೆ ನೂರು ವ್ಯಾಟ್ ಬಲ್ಬ್ ಹಚ್ಚಿ, ಮೇಲೆ ಯೂನಿಫಾರ್ಮ್ ಹರವೋರು. ಒಂದು ಚಡ್ಡಿಯ ಮೇಲೆ ಬಲ್ಬಿನ ಗುಂಡು ಗುರುತು ಬಿದ್ದು, ಅಪ್ಪ ಇಡೀ ವರ್ಷ ಅದನ್ನೇ ಹಾಕ್ಕೊಂಡು ಶಾಲೆಗೆ ಹೋದ್ರಂತೆ. ಇದನ್ನ ಅಪ್ಪ ನಮಗೆ ಯಾವತ್ತೂ ಹೇಳಿರಲಿಲ್ಲ. ಸಂಸೆ ದಾಟಿದ ಮೇಲೆ ಅಜ್ಜಿ ಬಾಯಿ ಬಿಟ್ರು, ಅಪ್ಪ ಮೊದಲ ಸಲ ನಕ್ಕರು.

ಪಕ್ಕದ ಮನೆಯವರು ಬಿಹಾರದವರು, ಎದುರು ಮನೆ ಕೇರಳ, ಹಿಂದಿನ ಸಾಲಲ್ಲಿ ತುಳು ಮಾತಾಡೋರು. ಅಜ್ಜಿ ಪುಟ್ಟು ಮಾಡೋದು ಕಲಿತಿದ್ದು ಅಲ್ಲೇ. ಈಗಲೂ ಭಾನುವಾರ ನಮ್ಮನೇಲಿ ಪುಟ್ಟು, ಕಡಲೆ ಪಲ್ಯ. ನಮ್ಮ ರೋಡಲ್ಲಿ ಇದೇನು ವಿಚಿತ್ರ ಅಂತಾರೆ. ಆ ಕಾಲೋನಿಯಲ್ಲಿ ಯಾರ ಅಜ್ಜನ ಜಮೀನೂ ಇರಲಿಲ್ಲ. ಮನೆ ಕೆಲಸದ ಜೊತೆ ಬಂದಿದ್ದು. ಕೆಲಸ ಹೋದ್ರೆ ಅದೂ ಹೋಗುತ್ತೆ.

ಈಗ ಆ ಸಾಲಿನಲ್ಲಿ ಗೋಡೆಗೆ ಮೊಣಕಾಲೆತ್ತರ ಪಾಚಿ. ನಮ್ಮ ಮನೆಯ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ನಾನು ಫೋಟೋ ತೆಗೆದೆ, ಅದೇ ಈ ಸೀರೀಸಿನ ಕವರ್. ಅಪ್ಪ ಕಾರಿಂದ ಇಳಿಯೋಕೆ ಹತ್ತು ನಿಮಿಷ ತಗೊಂಡ್ರು.

ಭಾಗ 4

ಈಗ ಕಷ್ಟದ ಭಾಗ.

ಗಣಿ ಇದ್ದ ಜಾಗ ಸುಮ್ನೆ ಯಾವುದೋ ಕಾಡಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋ ಗಂಗಾಮೂಲ ಅಲ್ಲೇ ಹತ್ತಿರ. ಸಿಂಗಳೀಕಗಳಿರೋ ಶೋಲಾ ಕಾಡು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಜಾಗವನ್ನ ರಾಷ್ಟ್ರೀಯ ಉದ್ಯಾನ ಮಾಡ್ತೀವಿ ಅಂತ ಸರ್ಕಾರ ಪ್ರಕಟಿಸಿತು. ಗಣಿಯೂ ನಡೀತಿತ್ತು. ಎರಡೂ ಒಟ್ಟಿಗೆ ಹೇಗೆ ಅಂತ ಕೇಳಿದವರು ಪರಿಸರದವರು. ಗಣಿಯ ಮೂವತ್ತು ವರ್ಷದ ಗುತ್ತಿಗೆ 1999ಕ್ಕೆ ಮುಗೀತು, ಮುಂದುವರಿಸಬೇಕೋ ಬೇಡವೋ ಅನ್ನೋ ಜಗಳ ಜೋರಾಯ್ತು. ನಾಗರಹೊಳೆಯಲ್ಲಿ ರೇಂಜ್ ಆಫೀಸರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. ಮಳೆಗೆ ಗಣಿಯ ಹೂಳು ಭದ್ರೆಗೆ ಇಳಿಯುತ್ತೆ ಅನ್ನೋದು ಅವರ ಕಡೆಯ ದೊಡ್ಡ ವಾದ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿ ನಿಲ್ಲಬೇಕು.

ನಿಂತಿತು. ನಾನು ಹುಟ್ಟಿದ್ದು ಅದೇ ವರ್ಷ. ತಾತನಿಗೆ ಇನ್ನೂ ಮೂರು ವರ್ಷ ಸರ್ವೀಸ್ ಇತ್ತು.

ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ರಲ್ಲ, ಗೋಯಿಂಗ್ ಕನ್ಸರ್ನ್? ವ್ಯವಹಾರ ನಾಳೆಯೂ ಇರುತ್ತೆ ಅಂದ್ಕೊಂಡೇ ಲೆಕ್ಕ ಬರೀಬೇಕು. ಅದೇ ಪುಸ್ತಕದಲ್ಲಿ ಸ್ವಲ್ಪ ಮುಂದೆ, ಬಳಸ್ತಾ ಬಳಸ್ತಾ ಕರಗಿಹೋಗೋ ಆಸ್ತಿಗೆ ಉದಾಹರಣೆಯಾಗಿ ಕೊಡೋದು ಯಾವಾಗ್ಲೂ ಗಣಿಯನ್ನೇ. ಕೋರ್ಟ್ ಇರಲಿ ಇಲ್ಲದಿರಲಿ, ಆ ಊರಿಗೆ ಒಂದು ಕೊನೆ ದಿನ ಮೊದಲಿಂದಲೂ ಇತ್ತು. ಇದನ್ನ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ಪಾಚಿ ಹಿಡಿದ ಗೋಡೆ ಮುಂದೆ ಅಪ್ಪನಿಗೆ ಹೇಳೋಕೆ ಬಾಯಿ ಬರಲಿಲ್ಲ.

ಭಾಗ 5

ವಾಪಸ್ ಬರ್ತಾ ಕಳಸದ ಹತ್ತಿರ ಭದ್ರೆಯ ದಡದಲ್ಲಿ ನಿಲ್ಲಿಸಿದ್ವಿ. ಮೇ ತಿಂಗಳು, ಕಲ್ಲು ಎಣಿಸಬಹುದು, ಅಷ್ಟು ತಿಳಿ ನೀರು. "ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರೀತಿತ್ತು. ಎಲ್ಲಾ ಹೊಳೆನೂ ಹಾಗೇ ಅಂದ್ಕೊಂಡಿದ್ದೆ. ಮಳೆಗೆ ಹಾಗಾಗ್ತಿತ್ತೋ, ಮತ್ತೇನಕ್ಕೋ, ಯಾರಿಗ್ಗೊತ್ತು" ಅಂದ್ರು ಅಪ್ಪ.

ಆಗ ಅಮ್ಮ ಅಂದಿದ್ದು ನೋಡಿ: "ಇದೇ ನೀರು ರೀ ನಮ್ಮೂರಿಗೆ ಬರೋದು."

ಅಮ್ಮನ ತವರು ಮಲೇಬೆನ್ನೂರು ಹತ್ತಿರ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆ ಅವರ ಗದ್ದೆಗೆ ನೀರು ಕೊಡುತ್ತೆ. ನಾಲೆಯ ಕೊನೆಯ ಭಾಗ ಅದು, ನೀರು ಬಂತಾ ಇಲ್ವಾ ಅನ್ನೋದೇ ಅಲ್ಲಿ ದಿನದ ಮಾತು. ಡ್ಯಾಮಲ್ಲಿ ಹೂಳು ತುಂಬಿದಷ್ಟೂ ನೀರಿನ ಜಾಗ ಕಮ್ಮಿ. ಅಂದ್ರೆ ಗಣಿ ನಿಂತಿದ್ದಕ್ಕೆ ಅಪ್ಪನ ಮನೆ ಖಾಲಿಯಾಯ್ತು, ಅಮ್ಮನ ಮನೆಯ ಗದ್ದೆಗೆ ಒಳ್ಳೇದಾಯ್ತು. ಎರಡೂ ನನ್ನ ಮನೆಯೇ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು, ನೀವೇ ಬ್ಯಾಲೆನ್ಸ್ ಮಾಡಿ ಕೊಡಿ. ನನ್ನ ಕೈಲಾಗಲಿಲ್ಲ. ಕೋರ್ಟ್ ಮಾಡಿದ್ದು ಸರಿ ಅಂತಲೇ ನನಗನ್ಸುತ್ತೆ. ಅಜ್ಜಿ ಎದುರು ಹಾಗಂತ ಹೇಳಲ್ಲ, ಅಷ್ಟೇ.

ಇನ್ನೊಂದು ವಿಷಯ. ಲಕ್ಯಾ ಅಣೆಕಟ್ಟಿನ ಹಿಂದೆ ಅಷ್ಟೂ ವರ್ಷದ ಕೆಸರು ಇವತ್ತಿಗೂ ನಿಂತಿದೆ. ಗಣಿ ಹೋಯ್ತು, ಜನ ಹೋದ್ರು, ಅದನ್ನ ಕಾಯೋ ಕೆಲಸ ಮಾತ್ರ ಉಳೀತು. ಹಸಿರು ಗುಡ್ಡದ ರೀಲ್ ನೋಡೋವಾಗ ಅದೂ ನೆನಪಿರಲಿ.

ರಾತ್ರಿ ಕಳಸದ ಲಾಡ್ಜಲ್ಲಿ ಅಜ್ಜಿ ನನ್ನ ಕೈಲಿ ಬಾಗಿಲ ಫೋಟೋನ ಹಳೇ ಕಾಲೋನಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿಸಿದ್ರು. ಹನ್ನೊಂದು ಗಂಟೆಯಾದ್ರೂ ಮೆಸೇಜ್ ನಿಲ್ಲಲಿಲ್ಲ. ಹಿಂದಿ, ಮಲಯಾಳಂ, ತುಳು, ಕನ್ನಡ. ಬರೀ ಮನೆ ನಂಬರ್ ಟೈಪ್ ಮಾಡಿ ಕಳಿಸಿದವರೂ ಇದ್ರು. ಹಿಂದಿನ ಸಾಲಿನ ಆಂಟಿ ಒಬ್ಬರು, ನಮ್ಮನೆ ಬಾಗಿಲು ತೆಗೆದ್ಯೇನಮ್ಮಾ ಫೋಟೋ, ಅಂತ ಕೇಳಿದ್ರು. ತೆಗೆದಿರಲಿಲ್ಲ.

ಅಪ್ಪ ಫೋನ್ ಇಸ್ಕೊಂಡು ಒಂದೊಂದೇ ಅಕ್ಷರ ಒತ್ತಿ ಬರೆದ್ರು: "ಮಳೆ ಮುಗಿದ ಮೇಲೆ ಮತ್ತೆ ಹೋಗ್ತೀವಿ. ನಂಬರ್ ಕಳಿಸಿ."