ಕೆಟ್ಟ ಟಿವಿ ಮತ್ತು ಮರೆತುಹೋದ ದುರಸ್ತಿಯ ಇತಿಹಾಸ

ರಮಝಾನಿಗೆ ಕೆಲವೇ ದಿನಗಳು ಉಳಿದಿರುವಾಗ ನಮ್ಮ ಮನೆಯ ಸ್ಮಾರ್ಟ್ ಟಿವಿ ಕೆಟ್ಟಿತು. ಧ್ವನಿ ಬರುತ್ತಿತ್ತು, ಪರದೆ ಮಾತ್ರ ಕಪ್ಪು. ಕೊಂಡು ಐದು ವರ್ಷವಾಗಿತ್ತು, ವಾರಂಟಿ ಎಂದೋ ಮುಗಿದಿತ್ತು. ಕಂಪೆನಿಯ ಸೇವಾ ಕೇಂದ್ರದಿಂದ ಬಂದ ಯುವಕ ಹಿಂಬದಿಯ ಮುಚ್ಚಳ ತೆಗೆಯಲೂ ಇಲ್ಲ. "ಪ್ಯಾನೆಲ್ ಹೋಗಿದೆ ಸಾರ್. ಅದನ್ನು ಹಾಕಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತೆ, ಎಕ್ಸ್‌ಚೇಂಜ್ ಕೂಡ ಇದೆ" ಎಂದು ಭೇಟಿಯ ಶುಲ್ಕ ಪಡೆದು ಹೊರಟುಹೋದ. ಮಕ್ಕಳು ಹೊಸ ಟಿವಿಯ ಪಕ್ಷ ವಹಿಸಿದರು. ಮನೆಯ ಹಿರಿಯರು ಮಾತ್ರ ಒಂದು ಪ್ರಶ್ನೆ ಕೇಳಿದರು: "ಬಿಚ್ಚಿ ನೋಡದೆಯೇ ಏನು ಕೆಟ್ಟಿದೆ ಅಂತ ಅವನಿಗೆ ಹೇಗೆ ಗೊತ್ತಾಯಿತು?"

ಈ ಪ್ರಶ್ನೆ ನಮ್ಮನ್ನು ಕಾಡಿತು. ದುರಸ್ತಿ ಮಾಡಿಸಬೇಕೇ, ಬದಲಾಯಿಸಬೇಕೇ ಎಂಬ ತೀರ್ಮಾನ ನಮ್ಮದೆಂದು ನಾವು ಭಾವಿಸುತ್ತೇವೆ. ಆದರೆ ಆ ತೀರ್ಮಾನದ ಬಹುಭಾಗ ಟಿವಿ ನಮ್ಮ ಮನೆಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಅದು ಹೇಗಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ.

ಬಿಚ್ಚಿ ನೋಡುತ್ತಿದ್ದ ಕಾಲ

ಭಾರತದಲ್ಲಿ ಟಿವಿ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಕನ್ನಡ ನಾಡಿಗೆ ಟಿವಿ ಬಂದ ಕಥೆ ಇನ್ನೂ ಸ್ವಾರಸ್ಯಕರ. ಅದು ಮೊದಲು ಬಂದದ್ದು ಬೆಂಗಳೂರಿಗಲ್ಲ, ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ನಡೆದ 'ಸೈಟ್' ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಹೈದರಾಬಾದಿನ ಸಾರ್ವಜನಿಕ ಸಂಸ್ಥೆ ಇಸಿಐಎಲ್ ಟಿವಿಗಳನ್ನು ತಯಾರಿಸಿತು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾಗಳನ್ನು ಹಳ್ಳಿಗಳಲ್ಲಿ ನಿಲ್ಲಿಸಲಾಯಿತು.

ಆ ಪ್ರಯೋಗದ ಒಂದು ಅಂಶವನ್ನು ನಾವಿಲ್ಲಿ ನೆನಪಿಸಬೇಕಾಗಿದೆ. ಅದನ್ನು ರೂಪಿಸಿದವರು ಟಿವಿ ಕೆಡುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಧೂಳು, ಬಿಸಿಲು, ಏರಿಳಿಯುವ ವಿದ್ಯುತ್, ರಸ್ತೆಯಿಲ್ಲದ ಊರು. ಆದ್ದರಿಂದ ಟಿವಿಗಳ ಜೊತೆಯಲ್ಲಿಯೇ ದುರಸ್ತಿ ಕೇಂದ್ರಗಳು, ಬಿಡಿಭಾಗಗಳು ಮತ್ತು ತಂತ್ರಜ್ಞರ ವ್ಯವಸ್ಥೆಯೂ ಯೋಜನೆಯ ಭಾಗವಾಗಿತ್ತು. ದುರಸ್ತಿ ಎಂಬುದು ಅಲ್ಲಿ ಕೊಟ್ಟವನ ಹೊಣೆಯಾಗಿತ್ತು.

1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಪ್ರಸಾರ ಬಂತು. ಪೇಟೆಪೇಟೆಯಲ್ಲೂ ರೇಡಿಯೋ ಮೆಕ್ಯಾನಿಕ್‌ಗಳು ಟಿವಿ ಮೆಕ್ಯಾನಿಕ್‌ಗಳಾದರು. ಕರಾವಳಿಯಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಟೇಪ್ ರೆಕಾರ್ಡರ್, ಟಿವಿಗಳು ಇಳಿದಂತೆ ಅವುಗಳನ್ನು ಬಿಚ್ಚಿ ಜೋಡಿಸಲು ಕಲಿತ ಯುವಕರ ಅಂಗಡಿಗಳೂ ಹುಟ್ಟಿಕೊಂಡವು. ಬಣ್ಣದ ಟಿವಿಯ ಬೆಲೆ ಒಬ್ಬ ನೌಕರನ ಹಲವು ತಿಂಗಳ ಸಂಬಳಕ್ಕೆ ಸಮವಾಗಿದ್ದ ಆ ಕಾಲದಲ್ಲಿ ಎಸೆಯುವ ಮಾತೇ ಇರಲಿಲ್ಲ. ಪಿಕ್ಚರ್ ಟ್ಯೂಬ್ ಮಂಕಾದರೆ ಮೆಕ್ಯಾನಿಕ್ ಸಣ್ಣದೊಂದು ಬೂಸ್ಟರ್ ಹಾಕಿ ಒಂದೆರಡು ವರ್ಷ ಓಡಿಸುತ್ತಿದ್ದ. ಅದೂ ಸಾಲದಾದಾಗ ಟ್ಯೂಬಿನ ಕತ್ತು ಕೊಯ್ದು ಹೊಸ ಗನ್ ಕೂರಿಸಿಕೊಡುವ ಕಾರ್ಖಾನೆಗಳಿದ್ದವು. ಅದಕ್ಕೆ 'ರೀಗನ್' ಎನ್ನುತ್ತಿದ್ದರು. ಹಳೆಯ ರೇಡಿಯೋ, ಟಿವಿಗಳ ಜೊತೆ ಸರ್ಕ್ಯೂಟಿನ ನಕ್ಷೆಯೂ ಬರುತ್ತಿತ್ತು, ಕೆಲವದರಲ್ಲಿ ಮುಚ್ಚಳದ ಒಳಬದಿಗೇ ಅಂಟಿಸಿರುತ್ತಿದ್ದರು. ವಸ್ತುವನ್ನು ಮಾರುವವನು ಅದರ ಜ್ಞಾನವನ್ನೂ ಜೊತೆಗೆ ಕೊಡುತ್ತಿದ್ದ.

ಆಯುಷ್ಯಕ್ಕೆ ಮಿತಿ ಹಾಕಿದವರು

ಹಾಗೆಂದು ಹಿಂದಿನ ಕಾಲವೆಲ್ಲ ಸುವರ್ಣಯುಗ, ಇಂದಿನದೆಲ್ಲ ಕೆಡುಕು ಎನ್ನಲಾಗದು. ಅಂದು ವಸ್ತು ದುಬಾರಿ, ಕೂಲಿ ಅಗ್ಗ. ಇಂದು ಟಿವಿ ಅಗ್ಗವಾಗಿ ಬಡವರ ಮನೆಗೂ ಬಂದಿದೆ, ವಿದ್ಯುತ್ ಖರ್ಚೂ ತಗ್ಗಿದೆ. ಇದು ಸಂತೋಷದ ವಿಷಯವೇ. ಆದರೆ ವಸ್ತು ಬೇಗ ಸಾಯಬೇಕು ಎಂಬ ಚಿಂತನೆ ತಂತ್ರಜ್ಞಾನದ ಸಹಜ ಫಲವಲ್ಲ. ಅದನ್ನು ಕೂತು ಯೋಚಿಸಿ ಜಾರಿಗೆ ತಂದವರಿದ್ದಾರೆ.

1924ರ ಡಿಸೆಂಬರಿನಲ್ಲಿ ಯುರೋಪಿನ ಮತ್ತು ಇತರೆಡೆಯ ಪ್ರಮುಖ ಬಲ್ಬ್ ತಯಾರಕರು ಜಿನೀವಾದಲ್ಲಿ ಸೇರಿ 'ಫೀಬಸ್' ಎಂಬ ಕೂಟವನ್ನು ಕಟ್ಟಿಕೊಂಡರು. ಅಷ್ಟರೊಳಗೆ 1,500ರಿಂದ 2,000 ಗಂಟೆ ಉರಿಯಬಲ್ಲ ಬಲ್ಬುಗಳು ತಯಾರಾಗುತ್ತಿದ್ದವು. ಕೂಟ ಅದನ್ನು 1,000 ಗಂಟೆಗೆ ಇಳಿಸಿತು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯನಿಗೆ ದಂಡ! ಎರಡನೇ ಮಹಾಯುದ್ಧದ ಹೊತ್ತಿಗೆ ಕೂಟ ಮುರಿಯಿತು. ಚಿಂತನೆ ಮುರಿಯಲಿಲ್ಲ. 1932ರಲ್ಲಿ, ಅಮೆರಿಕದ ಆರ್ಥಿಕ ಕುಸಿತದ ನಡುವೆ, ನ್ಯೂಯಾರ್ಕಿನ ಬರ್ನಾರ್ಡ್ ಲಂಡನ್ ಎಂಬವರು ಒಂದು ಕಿರುಪುಸ್ತಿಕೆ ಪ್ರಕಟಿಸಿದರು. ಪ್ರತಿಯೊಂದು ವಸ್ತುವಿಗೂ ಸರಕಾರ ಆಯುಷ್ಯ ನಿಗದಿಪಡಿಸಬೇಕು, ಅವಧಿ ಮುಗಿದ ಮೇಲೂ ಅದನ್ನು ಬಳಸುವವರಿಗೆ ತೆರಿಗೆ ಹಾಕಬೇಕು, ಹಾಗಾದರೆ ಕಾರ್ಖಾನೆಗಳು ನಡೆಯುತ್ತವೆ ಎಂಬುದು ಅವರ ಸಲಹೆ. ನಿರುದ್ಯೋಗ ನಿವಾರಣೆಯ ಸದುದ್ದೇಶದಿಂದಲೇ ಹೇಳಿದ ಮಾತಿದು. ಸರಕಾರ ಅದನ್ನು ಒಪ್ಪಲಿಲ್ಲ. ಮಾರುಕಟ್ಟೆ ತನ್ನದೇ ರೀತಿಯಲ್ಲಿ ಒಪ್ಪಿಕೊಂಡಿತು.

ಸ್ಮಾರ್ಟ್ ಟಿವಿಯಲ್ಲಿ ಈ ಆಯುಷ್ಯದ ಮಿತಿ ಎರಡು ಕಡೆಯಿಂದ ಬರುತ್ತದೆ. ಒಂದು, ಒಳಗಿನ ಕಟ್ಟಡದಿಂದ. ಟಿವಿಯ ವೆಚ್ಚದ ದೊಡ್ಡ ಪಾಲು ಪ್ಯಾನೆಲಿನದು, ಅದು ಬಹುತೇಕ ಹೊರದೇಶದಿಂದ ಬರುತ್ತದೆ. ಪ್ಯಾನೆಲ್ ಒಡೆದರೆ ಹೊಸ ಟಿವಿಯೇ ಲೇಸು ಎನ್ನುವುದು ಸತ್ಯವೇ. ಆದರೆ ಅದರ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು, ಪವರ್ ಬೋರ್ಡ್, ಮದರ್‌ಬೋರ್ಡ್‌ಗಳ ವೆಚ್ಚ ಅದಕ್ಕೆ ಹೋಲಿಸಿದರೆ ಅಲ್ಪ. ಸರಪಳಿಯಂತೆ ಜೋಡಿಸಿದ ಪುಟ್ಟ ದೀಪಗಳಲ್ಲಿ ಒಂದು ಹೋದರೂ ಇಡೀ ಪರದೆ ಕಪ್ಪಾಗಬಹುದು. ಅಂಥ ಟಿವಿ ಸತ್ತಿಲ್ಲ, ಆದರೆ ಸತ್ತಂತೆ ಕಾಣುತ್ತದೆ.

ಇನ್ನೊಂದು, ಸಾಫ್ಟ್‌ವೇರಿನಿಂದ. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಹತ್ತು ವರ್ಷದೊಳಗಿನ ಕೆಲವು ಸ್ಮಾರ್ಟ್ ಟಿವಿಗಳಲ್ಲಿ ತನ್ನ ಸೇವೆಯನ್ನು ನಿಲ್ಲಿಸಿತು. ಆ ಟಿವಿಗಳ ಪರದೆಯಲ್ಲಾಗಲಿ ಸ್ಪೀಕರಿನಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಕಾಣದಿದ್ದ ಹೊಸ ಬಗೆಯ ಸಾವು ಇದು. ಕೆಲವು ಸಾವಿರ ರೂಪಾಯಿಯ ಸ್ಟಿಕ್ಕನ್ನು ಹಿಂಬದಿಗೆ ಸಿಕ್ಕಿಸಿದರೆ ಅಂಥ ಟಿವಿ ಮತ್ತೆ ಬದುಕುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ನಮ್ಮ ಪರಂಪರೆ ಏನು ಹೇಳುತ್ತದೆ?

ಪ್ರವಾದಿ ಮುಹಮ್ಮದ್(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರದಲ್ಲಿ, ಅವರು ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬ ವಿವರವಿದೆ. ದುಂದುವೆಚ್ಚದ ಕುರಿತು ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ ಎಚ್ಚರಿಕೆ ನಮಗೆಲ್ಲ ಗೊತ್ತು. ಆದರೆ ಇದನ್ನು ನಾವು ವ್ಯಕ್ತಿಯ ಸರಳತೆಗಷ್ಟೇ ಸೀಮಿತಗೊಳಿಸಿದ್ದೇವೆ. ನಮ್ಮ ಪೂರ್ವಿಕರು ಅದನ್ನು ಸಂಸ್ಥೆಯ ರೂಪಕ್ಕೂ ತಂದಿದ್ದರು.

ಹನಫಿ ಕರ್ಮಶಾಸ್ತ್ರದ ಪ್ರಕಾರ ವಕ್ಫ್ ಆಸ್ತಿಯ ಆದಾಯದಲ್ಲಿ ಮೊದಲ ಹಕ್ಕು ಆ ಆಸ್ತಿಯ ದುರಸ್ತಿಯದು. ದಾನಿ ಅದನ್ನು ಪತ್ರದಲ್ಲಿ ಬರೆಯದಿದ್ದರೂ ಸರಿಯೇ. ಫಲಾನುಭವಿಗಳ ಪಾಲು ಅದರ ನಂತರ. ಬಳಸುವವನು ಬದುಕಬೇಕಾದರೆ ಬಳಕೆಯ ವಸ್ತು ಉಳಿಯಬೇಕು ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ.

ಜ್ಞಾನದ ವಿಷಯದಲ್ಲೂ ಹಾಗೆಯೇ. ಇಂದಿನ ತುರ್ಕಿಯ ದಿಯಾರ್‌ಬಕ್ರ್‌ನಲ್ಲಿದ್ದ ಯಂತ್ರಶಿಲ್ಪಿ ಅಲ್ ಜಝರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ಐವತ್ತು ಯಂತ್ರಗಳ ವಿವರಣೆಯಿದೆ. ಭಾಗಗಳ ಅಳತೆ, ಜೋಡಿಸುವ ಕ್ರಮ, ಅಕ್ಷರಗಳಿಂದ ಗುರುತಿಸಿದ ಚಿತ್ರಗಳು ಎಲ್ಲವೂ ಇವೆ. ಓದಿದವನು ತಾನೇ ಮಾಡಬಲ್ಲವನಾಗಬೇಕು ಎಂಬ ಉದ್ದೇಶ. ಏಳೂವರೆ ಶತಮಾನಗಳ ನಂತರ, 1976ರಲ್ಲಿ ಲಂಡನ್ನಿನಲ್ಲಿ ಅದೇ ಬರಹದ ಆಧಾರದಿಂದ ಅವರ ನೀರಿನ ಗಡಿಯಾರವೊಂದನ್ನು ಮತ್ತೆ ಕಟ್ಟಲಾಯಿತು. ಐದು ವರ್ಷದ ಹಿಂದಿನ ಟಿವಿಯ ನಕ್ಷೆ ನಮ್ಮ ಪೇಟೆಯ ಮೆಕ್ಯಾನಿಕ್‌ಗೆ ಸಿಗುವುದಿಲ್ಲ!

ಬದಲಾಯಿಸುವುದೂ ನಮ್ಮ ಪರಂಪರೆಗೆ ಹೊರಗಿನದಲ್ಲ. ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡು ಹೋದ ಇಬ್ನ್ ಬತೂತ 1326ರಲ್ಲಿ ದಮಾಸ್ಕಸ್‌ನಲ್ಲಿದ್ದಾಗ ನೋಡಿದ ಒಂದು ಘಟನೆಯನ್ನು ದಾಖಲಿಸಿದ್ದಾರೆ. ಗುಲಾಮ ಹುಡುಗನೊಬ್ಬನ ಕೈಯಿಂದ ಚೀನೀ ಪಿಂಗಾಣಿ ತಟ್ಟೆ ಬಿದ್ದು ಒಡೆಯಿತು. ಜನ ಸೇರಿದರು. ಚೂರುಗಳನ್ನು ಆರಿಸಿಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಬಳಿ ಹೋಗೆಂದು ಒಬ್ಬರು ಹೇಳಿದರು. ಚೂರುಗಳನ್ನು ತೋರಿಸಿದಾಗ ಅಂಥದೇ ತಟ್ಟೆ ಕೊಳ್ಳುವಷ್ಟು ಹಣ ಆ ಹುಡುಗನಿಗೆ ಸಿಕ್ಕಿತು. ಇಲ್ಲದಿದ್ದರೆ ಯಜಮಾನನ ಹೊಡೆತ ತಪ್ಪುತ್ತಿರಲಿಲ್ಲ ಎಂದು ಇಬ್ನ್ ಬತೂತ ಬರೆಯುತ್ತಾರೆ. ಒಡೆದ ವಸ್ತುವಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನ ನೋವು ಸಮಾಜದ ಹೊಣೆ ಎಂದು ಆ ನಗರ ಅರಿತಿತ್ತು.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ಒಡೆದ ಟಿವಿಯ ಹಿಂದೆಯೂ ಮನುಷ್ಯರಿದ್ದಾರೆ. 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ನಮ್ಮ ದೇಶದಲ್ಲಿ ಈ ತ್ಯಾಜ್ಯದ ದೊಡ್ಡ ಪಾಲು ಗುಜರಿಯವರ ಕೈ ದಾಟಿ ದಿಲ್ಲಿಯ ಸೀಲಂಪುರದಂಥ ಕಡೆ ಸೇರುತ್ತದೆ. ಹಿತ್ತಾಳೆಯ ಕುಶಲಕರ್ಮಿಗಳಿಗೆ ಹೆಸರಾಗಿದ್ದ ಮುರಾದಾಬಾದಿನಲ್ಲಿ ತಾಮ್ರಕ್ಕಾಗಿ ಸರ್ಕ್ಯೂಟ್ ಬೋರ್ಡುಗಳನ್ನು ಸುಟ್ಟು, ಬೂದಿಯನ್ನು ರಾಮಗಂಗಾ ನದಿಯ ದಡದಲ್ಲಿ ತೊಳೆಯುವ ಕೆಲಸ ಬೆಳೆಯಿತು. ಬೆಂಗಳೂರಿನ ಗೌರಿಪಾಳ್ಯದಲ್ಲೂ ಇಂಥ ಬಿಚ್ಚುವ ಕೆಲಸ ನಡೆದುಕೊಂಡು ಬಂದಿದೆ. ಈ ಮೊಹಲ್ಲಾಗಳಲ್ಲಿ ಸೀಸದ ಧೂಳನ್ನೂ ಪ್ಲಾಸ್ಟಿಕ್ ಹೊಗೆಯನ್ನೂ ಉಸಿರಾಡುವವರಲ್ಲಿ ನಮ್ಮ ಸಮುದಾಯದ ಬಡವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಒಂದು ಕಾಲದಲ್ಲಿ ವಸ್ತುವನ್ನು ಬದುಕಿಸಿ ಉಣ್ಣುತ್ತಿದ್ದ ಕೈಗಳು ಈಗ ಅದನ್ನು ಸುಟ್ಟು ಉಣ್ಣಬೇಕಾಗಿದೆ. ಎಕ್ಸ್‌ಚೇಂಜ್ ಎಂದು ಟಿವಿ ಕೊಟ್ಟ ನಮಗೆ ಈ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ.

ಕಾನೂನುಗಳು ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತಿವೆ. ಯುರೋಪ್ ಒಕ್ಕೂಟ 2021ರ ಮಾರ್ಚಿನಿಂದ ಟಿವಿಗಳ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ ಏಳು ವರ್ಷ ಒದಗಿಸಬೇಕೆಂದು ನಿಯಮ ಮಾಡಿತು. ಅದೇ ವರ್ಷ ಫ್ರಾನ್ಸ್ ಟಿವಿಯ ಬೆಲೆಯ ಪಕ್ಕದಲ್ಲಿ ಅದು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆ ಎಂಬ ಅಂಕವನ್ನೂ ತೋರಿಸಲು ಹೇಳಿತು. ಭಾರತ ಸರಕಾರ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಇದು ಸ್ವಾಗತಾರ್ಹ. ಆದರೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಾಗ, ದುರಸ್ತಿ ಸೇವೆಯ ತೆರಿಗೆ ಶೇ. 18ರಲ್ಲೇ ನಿಂತಿತು. ಕೊಳ್ಳುವವನಿಗೆ ರಿಯಾಯಿತಿ ಸಿಕ್ಕಿತು, ಉಳಿಸಿಕೊಳ್ಳುವವನಿಗೆ ಸಿಗಲಿಲ್ಲ.

ಟಾರ್ಚಿನ ಬೆಳಕಲ್ಲಿ

ಕೊನೆಗೆ ನಾವು ನಮ್ಮ ಪೇಟೆಯ ಹಳೆಯ ಮೆಕ್ಯಾನಿಕ್ಕನ್ನು ಕರೆದೆವು. ರೀಗನ್ ಟ್ಯೂಬಿನ ಕಾಲದಿಂದ ಅಂಗಡಿ ನಡೆಸಿಕೊಂಡು ಬಂದ ಹಿರಿಯರು. ಅವರು ಕೋಣೆಯ ದೀಪ ಆರಿಸಿ, ಟಿವಿ ಹಾಕಿ, ಕಪ್ಪು ಪರದೆಯ ಮೇಲೆ ಟಾರ್ಚ್ ಹಿಡಿದರು. "ನೋಡಿ, ಮಸುಕಾಗಿ ಚಿತ್ರ ಕಾಣುತ್ತಲ್ಲ? ಪ್ಯಾನೆಲಿಗೆ ಏನೂ ಆಗಿಲ್ಲ, ಹಿಂದಿನ ಲೈಟ್ ಹೋಗಿದೆ ಅಷ್ಟೆ" ಎಂದರು. ಎರಡು ದಿನದಲ್ಲಿ ಎಲ್‌ಇಡಿ ಪಟ್ಟಿಗಳನ್ನು ಬದಲಾಯಿಸಿ ತಂದುಕೊಟ್ಟರು. ಖರ್ಚು ಹೊಸ ಟಿವಿಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಬೆಳಕನ್ನು ಪೂರ್ತಿ ಏರಿಸಿ ಇಡಬೇಡಿ, ಬಿಸಿಗೆ ದೀಪಗಳು ಬೇಗ ಹೋಗುತ್ತವೆ ಎಂಬ ಕಿವಿಮಾತನ್ನೂ ಹೇಳಿದರು. ಅಂಗಡಿ ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಾಗ ನಕ್ಕು ಸುಮ್ಮನಾದರು. ಮಗ ಒಂದು ಮಳಿಗೆಯಲ್ಲಿ ಹೊಸ ಟಿವಿ ಮಾರುತ್ತಾನಂತೆ.

ಎಲ್ಲ ಟಿವಿಯನ್ನೂ ಉಳಿಸಲಾಗದು. ಪ್ಯಾನೆಲ್ ಬಿರುಕು ಬಿಟ್ಟಿದ್ದರೆ, ಬಿಡಿಭಾಗವೇ ಇಲ್ಲವೆಂದಾದರೆ ಬದಲಾಯಿಸಲೇಬೇಕು. ಆಗ ಹಳೆಯದನ್ನು ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಒಪ್ಪಿಸೋಣ. ಹೊಸದನ್ನು ಕೊಳ್ಳುವಾಗ ಇಂಚು, ಬಣ್ಣ ಕೇಳುವ ಮೊದಲು ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಸಾಫ್ಟ್‌ವೇರ್ ಎಷ್ಟು ವರ್ಷ ಬರುತ್ತದೆ ಎಂದು ಕೇಳೋಣ. ಮಸೀದಿಯ ಜಮಾಅತ್‌ಗಳು, ಯುವಕ ಸಂಘಗಳು ವಿದ್ಯಾರ್ಥಿವೇತನ ಕೊಡುವಂತೆ ದುರಸ್ತಿಯ ಕಸುಬು ಕಲಿಯುವ ಹುಡುಗರಿಗೂ ನೆರವಾಗಬಹುದು. ಆದರೆ ಇವೆಲ್ಲಕ್ಕಿಂತ ಮೊದಲು ನಮ್ಮ ಮನೆಯ ಹಿರಿಯರು ಕೇಳಿದ ಆ ಪ್ರಶ್ನೆಯನ್ನು ಕೇಳಲು ಕಲಿಯಬೇಕು. ಬಿಚ್ಚಿ ನೋಡದೆ ಸತ್ತಿದೆ ಎಂದವರ ಮಾತನ್ನು ನಂಬಿ ಮಣ್ಣು ಮಾಡುವುದು ಬೇಡ.