ಒಂದು ತ್ರಿಕೋನದ ಹಿಂದಿನ ಸಹಿ (ಭಾಗ 4)

ಗೇಮ್‌ನಲ್ಲಿ ನೀವು ನೋಡೋ ಕಾರು, ಮರ, ಮುಖ ಎಲ್ಲವೂ ಹತ್ತಿರದಿಂದ ನೋಡಿದ್ರೆ ಬಹುತೇಕ ತ್ರಿಕೋನಗಳೇ. ಅವನ್ನು ಸ್ಕ್ರೀನ್ ಮೇಲೆ ಬರೆಯೋಕೆ ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1992ರಲ್ಲಿ ಓಪನ್‌ಜಿಎಲ್ ಹೊರತಂದಿತು. ಸಿ ಭಾಷೆಯಿಂದ ಕರೆಯೋ ಫಂಕ್ಷನ್‌ಗಳ ದೊಡ್ಡ ಗಂಟು ಅದು.

ಅದರ ಸ್ವಭಾವ ಕೇಳಿ. "ಬಣ್ಣ ಕೆಂಪು" ಅಂತ ಒಮ್ಮೆ ಹೇಳಿದ್ರೆ ಸಾಕು, ನೀವು ಬದಲಾಯಿಸೋವರೆಗೂ ಮುಂದಿನದ್ದೆಲ್ಲ ಕೆಂಪೇ. ಹಿಂದೆ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡೇ ಕೆಲಸ ಮಾಡುತ್ತೆ.

ಅದಕ್ಕೆ ಎರಡು ವರ್ಷ ಮೊದಲು, 1990ರಲ್ಲಿ, ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ ಬಂದಿತ್ತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನೇ ಇಟ್ಟಿದ್ದು. ಇದರ ನಿಯಮ ಪೂರ್ತಿ ಉಲ್ಟಾ: ಫಂಕ್ಷನ್‌ಗೆ ಅದೇ ಇನ್‌ಪುಟ್ ಕೊಟ್ರೆ ಯಾವಾಗ್ಲೂ ಅದೇ ಉತ್ತರ. ಹಿಂದೆ ಏನಾಯ್ತು ಅನ್ನೋದು ಲೆಕ್ಕಕ್ಕೇ ಇಲ್ಲ.

ಇವೆರಡೂ ಒಂದೇ ಮನೆಯಲ್ಲಿ ಇರೋದು ಹೇಗೆ?

ದಾರಿ ತೋರಿಸಿದ್ದು ಸೈಮನ್ ಪೇಟನ್ ಜೋನ್ಸ್ ಮತ್ತು ಫಿಲಿಪ್ ವಾಡ್ಲರ್ 1993ರಲ್ಲಿ ಪ್ರಕಟಿಸಿದ ಪ್ರಬಂಧ. ಹೊರಜಗತ್ತನ್ನು ಮುಟ್ಟೋ ಪ್ರತಿ ಕೆಲಸದ ಟೈಪ್ ಮೇಲೂ 'ಐಓ' ಅನ್ನೋ ಮುದ್ರೆ ಇರಲಿ, ಉಳಿದ ಭಾಗ ಶುದ್ಧವಾಗಿರಲಿ ಅನ್ನೋದು ಅದರ ತಿರುಳು. ಸಿ ಫಂಕ್ಷನ್ ಕರೆಯೋದಕ್ಕೂ ಇದೇ ಬಾಗಿಲು.

ಆಮೇಲೆ ಸ್ವೆನ್ ಪಾನೆ ಓಪನ್‌ಜಿಎಲ್‌ಗೆ ಹ್ಯಾಸ್ಕೆಲ್ ಹೊದಿಕೆ ಬರೆದರು. ಸಿಯಲ್ಲಿ ತ್ರಿಕೋನ ಅಂದ್ರೆ ಬರೀ 4 ಅನ್ನೋ ಸಂಖ್ಯೆ. ತಪ್ಪು ಸಂಖ್ಯೆ ಕೊಟ್ರೂ ಕಂಪೈಲರ್ ಸುಮ್ಮನಿರುತ್ತೆ. ಹೊದಿಕೆಯಲ್ಲಿ ಅದಕ್ಕೆ ತನ್ನದೇ ಟೈಪ್ ಇದೆ, ಬೇರೇನಾದ್ರೂ ಕೊಟ್ರೆ ಪ್ರೋಗ್ರಾಂ ಕಂಪೈಲ್ ಆಗೋದೇ ಇಲ್ಲ. ಸಿಯಲ್ಲಿ 'ಬಿಗಿನ್' ಹೇಳಿ 'ಎಂಡ್' ಮರೆತ್ರೆ ಚಿತ್ರ ಕೆಡುತ್ತೆ. ಇಲ್ಲಿ ನೀವು ಮೂಲೆಗಳನ್ನು ಮಾತ್ರ ಕೊಡ್ತೀರಿ, ಬಾಗಿಲು ತೆಗೆಯೋದು ಮುಚ್ಚೋದು ಎರಡೂ ಹೊದಿಕೆಯ ಕೆಲಸ.

ಈಗ ಅಸಲಿ ವಿಷಯ. ಹ್ಯಾಸ್ಕೆಲ್ ಕಂಪೈಲರ್‌ಗೆ ಸಿ ಕೋಡ್ ಒಳಗೆ ಇಣುಕೋಕೆ ಆಗಲ್ಲ. ಈ ಫಂಕ್ಷನ್ ಏನು ತಗೊಳ್ಳುತ್ತೆ, ಏನು ಕೊಡುತ್ತೆ, 'ಐಓ' ಮುದ್ರೆ ಬೇಕಾ ಬೇಡ್ವಾ ಅಂತ ಹೊದಿಕೆ ಬರೆಯೋರು ಒಂದು ಸಾಲು ಬರೀತಾರೆ. ಕಂಪೈಲರ್ ಅದನ್ನು ಹಾಗೇ ನಂಬುತ್ತೆ. ಆ ಸಾಲು ಸುಳ್ಳಾದ್ರೆ ಮೇಲಿನ ಭದ್ರತೆಯೆಲ್ಲ ಸುಳ್ಳು.

ನಾವು ಬಿಕಾಂನಲ್ಲಿ ಓದೋ ಆಡಿಟರ್ ಸಹಿ ನೆನಪಾಗುತ್ತೆ ಅಲ್ವಾ? ಆಡಿಟರ್ ಆದ್ರೂ ನಾಲ್ಕು ವೋಚರ್ ತೆಗೆಸಿ ನೋಡ್ತಾರೆ. ಕಂಪೈಲರ್‌ಗೆ ಆ ಅವಕಾಶವೂ ಇಲ್ಲ.

ಅದಕ್ಕೇ ಯಾರಾದ್ರೂ "ಈ ಭಾಷೆ ನೂರಕ್ಕೆ ನೂರು ಸೇಫ್" ಅಂದ್ರೆ ಒಂದೇ ಪ್ರಶ್ನೆ ಕೇಳಿ: ಗಡಿಯಲ್ಲಿ ಸಹಿ ಹಾಕಿದವರು ಯಾರು?